ಬಂದವರೆಲ್ಲ ಬೀಗರು

ಮುಕ್ತಾ ಹಂಚಿನ ಮೇಲಿನ ರೊಟ್ಟಿ ಮಗುಚುವ ಹೊತ್ತಿಗೇ ಭಾಲಚಂದ್ರ ಆ ನೋಟೀಸು ತಂದು ಓದಬೇಕೆ? ಪಡಸಾಲೆಯಲ್ಲಿ ಮಂದಿ ಊಟಕ್ಕೆ ಕೂತಿದ್ದಾರೆ, ಕೋರ್ಟಿನ ಕೆಲಸಕ್ಕೆಂದು ಜನವಾಡದಿಂದ ಬಂದವರು ಬೇಳೆ, ಬೇಳೆ ಎಂದು ಕೂಗುತ್ತಿದ್ದಾರೆ, ಈ ಮನುಷ್ಯ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಕನ್ನಡಕ ಏರಿಸಿಕೊಂಡು ಓದುತ್ತಿದ್ದಾನೆ.

"ಕೇಳ್ಲತ್ತೀ ಇಲ್ಲೋ? ಇಡೀ ಮನಿ ವ್ಯಾಪಾರದ್ದು ಅಂತ ಬರದಾರ. ಇಡೀ ಮನಿ!"

"ಜರಾ ಬಾಜೂಕ ಸರೀರಿ. ಬ್ಯಾಳಿ ಒಯ್ಯಬೇಕು."

"ಬ್ಯಾಳಿ ಆಮ್ಯಾಲ ಒಯ್ಯಿ. ಇಲ್ಲಿ ಮನಿನೇ ಒಯ್ಲಾಕ ಬಂದಾರ!"

ಮುಕ್ತಾ ಅವನ ಕಂಕುಳ ಕೆಳಗಿನಿಂದ ನುಸುಳಿ ಬೇಳೆ ಬಡಿಸಿ ಬಂದಳು. ಎದುರಿಗೆ ಕೂತು ರೊಟ್ಟಿ ಬಡಿಯುತ್ತಿದ್ದ ಪಕ್ಕದ ಗಲ್ಲಿಯ ಇಮಾಮಬೀ ಕೈ ನಿಲ್ಲಿಸದೆ ಕೇಳಿದಳು: "ಏನ್ ಆಗ್ಯಾದ್ರೀ ಭಾಲಚಂದ್ರಭಾಯಿ?"

"ಪಾಲಿಕೆಯವರು ಮನಿ ತೆರಿಗಿ ನಾಕು ಪಟ್ಟು ಮಾಡ್ಯಾರ. ಪಡಸಾಲಿ ವ್ಯಾಪಾರ, ಅಡಗಿಮನಿ ವ್ಯಾಪಾರ, ಮ್ಯಾಲಿನ ಕೋಣಿ ವ್ಯಾಪಾರ. ಮಾಳಗಿ ಎಲ್ಲಾ ಸ್ಲ್ಯಾಬ್ ಅಂತ. ಕಟ್ಟಿ ಹತ್ತು ವರ್ಷ ಆಗ್ಯಾದಂತ!"

ಇಮಾಮಬೀ ತಲೆ ಎತ್ತಿ ನೋಡಿದಳು. ನೆತ್ತಿಯ ಮೇಲೆ ಹೊಗೆ ಹಿಡಿದ ತೊಲೆ ಜಂತಿಗಳು, ಅವುಗಳ ಮೇಲೆ ಭಾಲಚಂದ್ರನ ಅಜ್ಜನ ಕಾಲದ ಮಣ್ಣು. ಮಳೆಗಾಲದಲ್ಲಿ ಎಲ್ಲೆಲ್ಲಿ ಕೊಡ ಇಡಬೇಕೆಂಬುದು ಇಮಾಮಬೀಗೂ ಬಾಯಿಪಾಠ. "ಅಲ್ಲಾ! ಈ ಮಾಳಗಿಗೆ ಹತ್ತು ವರ್ಷಾ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಆ ಮನೆ. ಭಾಲಚಂದ್ರ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಿತ್ತನೆಯ ದಿನಗಳಲ್ಲಿ ಪಗಾರ ಬರುತ್ತಿತ್ತು, ಉಳಿದ ದಿನಗಳಲ್ಲಿ ಮಾಲೀಕರ ನಮಸ್ಕಾರ ಮಾತ್ರ ಬರುತ್ತಿತ್ತು. ಮನೆ ನಡೆಯುತ್ತಿದ್ದದ್ದು ಪಡಸಾಲೆಯ ಖಾನಾವಳಿಯಿಂದ. ಆದರೆ ಹಾಗೆಂದು ಆ ಮನೆಯಲ್ಲಿ ಯಾರೂ ಅನ್ನುವಂತಿರಲಿಲ್ಲ, ಯಾಕೆಂದರೆ ಅತ್ತೆ ಕಾವೇರಿಬಾಯಿಯ ಲೆಕ್ಕದಲ್ಲಿ ಅಲ್ಲಿ ಖಾನಾವಳಿ ಇರಲೇ ಇಲ್ಲ. "ನಮ್ಮ ಮನಿತನದಾಗ ಅನ್ನ ಮಾರಿದವರಿಲ್ಲ. ಬಂದವರು ಉಂತಾರ, ಮನಸಿಗೆ ಬಂದದ್ದು ಇಟ್ಟು ಹೋಗ್ತಾರ" ಎನ್ನುವಳು. ಇಡುವುದಕ್ಕೆಂದೇ ಬಾಗಿಲ ಬದಿಗೆ ಒಂದು ಹಿತ್ತಾಳೆಯ ತಾಟು. ಊಟದ ರೊಕ್ಕವನ್ನು ಮುಕ್ತಾ ಕೈಯಲ್ಲಿ ಮುಟ್ಟಕೂಡದು. ಉಂಡವರು ತಾಟಿನಲ್ಲಿ ಹಾಕಬೇಕು, ಸಂಜೆ ದೀಪ ಹಚ್ಚಿದ ಮೇಲೆ ಕಾವೇರಿಬಾಯಿ ತಾಟು ಎತ್ತಿ ದೇವರ ಮುಂದಿಟ್ಟು ಆಮೇಲೆ ಸೊಸೆಗೆ ಕೊಡಬೇಕು. ಹೊರಗೆ ತಗಡಿನ ಬೋರ್ಡಿಗೂ 'ಊಟ ಸಿಗುತ್ತದೆ' ಎಂದಷ್ಟೇ ಬರೆಸಲು ಒಪ್ಪಿದ್ದಳು. ಸಿಗುತ್ತದೆ ಎಂದರೆ ಮಾರುತ್ತಾರೆ ಎಂದೇನಲ್ಲವಲ್ಲ.

ಊಟದವರು ಎದ್ದು ಹೋದ ಮೇಲೆ ಮನೆಯವರೆಲ್ಲ ಸೇರಿದರು. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಗಳು ಮಂಜಿರಿ ಮಧ್ಯಾಹ್ನದ ಊಟಕ್ಕೆ ಬಂದಳು. ಬಂದವಳೇ ನೋಟೀಸು ಓದಿ, "ಇದು ಆ ಟೇಪ್ ಹಿಡ್ಕೊಂಡು ಬಂದವರ ಕೆಲಸ. ನಾ ಹೊರಗ ಹೋಗೂವಾಗ ಬಂದಿದ್ರು. ಆಯಿ ಒಬ್ಬಾಕಿನೇ ಇದ್ಳು" ಎಂದಳು.

ಎಲ್ಲರೂ ಕಾವೇರಿಬಾಯಿಯನ್ನು ನೋಡಿದರು. ಆಕೆ ಅಡಿಕೆ ಕತ್ತರಿಸುತ್ತಿದ್ದಳು.

"ಅವರು ಪಾಲಿಕೆಯವರಲ್ಲ, ಔರಾದದವರು" ಎಂದಳು ಕಾವೇರಿಬಾಯಿ, ಶಾಂತವಾಗಿ.

"ಯಾವ ಔರಾದದವರು?"

"ನಿನ್ನ ತಂಗಿ ಸುಮನ ಫೋನ್ ಮಾಡಿ ಹೇಳಿದ್ದಿಲ್ಲೇನು? ಔರಾದ ಬೀಗರು ಮಂಜಿರೀನ್ನ ನೋಡಾಕ ಬರೂಕಿಂತ ಮೊದಲ ಒಬ್ಬ ಮನುಷ್ಯಾನ್ನ ಕಳಸ್ತಾರ, ಮನಿ ನೋಡಾಕ. ಯಾರಂತ ಹೇಳೂದಿಲ್ಲ, ನಾವೂ ಕೇಳಬಾರದು."

ಅದು ಆ ಕಡೆಯ ರಿವಾಜು. ಹೆಣ್ಣು ನೋಡುವ ಮೊದಲು ಗಂಡಿನವರ ಕಡೆಯ ಒಬ್ಬರು ಏನೋ ನೆವ ಮಾಡಿ ಬರುತ್ತಾರೆ. ನೀರು ಕೇಳುತ್ತಾರೆ, ಬಾಡಿಗೆಗೆ ಕೋಣೆ ಇದೆಯೇ ಎನ್ನುತ್ತಾರೆ. ಮನೆಯವರಿಗೆ ಗೊತ್ತಾದರೂ ಗೊತ್ತಾಗದಂತೆ ಇರಬೇಕು.

"ಅವ ಟೇಪ್ ಹಿಡ್ಕೊಂಡು ಬಂದು 'ಪಾಲಿಕೆಯಿಂದ ಬಂದೀನ್ರಿ ಅಮ್ಮಾ' ಅಂದ" ಎಂದು ಕಾವೇರಿಬಾಯಿ ಮುಂದುವರಿಸಿದಳು. "ನಾ ಮನಸಿನ್ಯಾಗೇ ಅಂದೆ, ಭಾಳ ಶಾಣ್ಯಾ ಇದ್ದಾನ, ಎಂಥಾ ಸೋಗು ಹಾಕ್ಯಾನ ನೋಡು. ನಾನೂ ಗೊತ್ತಿಲ್ಲದಂಗ ಎಲ್ಲಾ ತೋರ್ಸಿದೆ."

"ಆಯಿ, ಅವರ ಕೊರಳಾಗ ಕಾರ್ಡ್ ಇತ್ತು. ಮಹಮ್ಮದ ಇಸ್ಮಾಯಿಲ ಅಂತ ಹೆಸರಿತ್ತು!"

"ಇದ್ರೇನಾತು? ಔರಾದ ಸಾವ್ಕಾರ್ರಿಗೆ ಮುಸಲ್ಮಾನ ದೋಸ್ತರು ಇರೂದಿಲ್ಲೇನು? ಇಮಾಮಬೀ ನಮ್ಮ ಮನ್ಯಾಗ ಇಲ್ಲೇನು?"

ಭಾಲಚಂದ್ರ ಹಣೆ ಹಿಡಿದುಕೊಂಡ. "ಏನೇನ್ ಹೇಳಿದಿ ಅವ್ವಾ? ಒಂದೂ ಬಿಡದಂಗ ಹೇಳು."

"ದಿನಾ ಎಪ್ಪತ್ತು ಮಂದಿ ಉಂತಾರಂದೆ. ಪಡಸಾಲಿ ಸಾಲಂಗಿಲ್ಲ, ಮ್ಯಾಲಿನ ಕೋಣ್ಯಾಗೂ ಪಂಕ್ತಿ ಕೂಡ್ತದಂದೆ."

"ಮ್ಯಾಲಿನ ಕೋಣ್ಯಾಗ ಮುರಕಾ ಪಲ್ಲಂಗ ಅದ!"

"ಅವನ್ನ ಮ್ಯಾಲ ಕಳಸ್ಲಿಲ್ಲ ನಾ. ನಿಚ್ಚಣಿಕಿ ಸರಿ ಇಲ್ಲ, ಬೀಗರ ಮನುಷ್ಯಾ ಬಿದ್ದಗಿದ್ದಾನ ಅಂತ. ಆಮ್ಯಾಲ, ಮನಿ ಯಾವಾಗ ಕಟ್ಟಿದ್ದು ಅಂದ. ಮೊನ್ನೆ ಮೊನ್ನೆ ಅಂದೆ, ಹತ್ತು ವರ್ಷ ಆಗಿರಬೇಕಂದೆ. ಹಳೇ ಮನಿ ಅಂದ್ರ ಹುಡುಗಿಗಿ ಏನ್ ಹಾಕ್ತಾರಿವರು ಅಂತಾರಿಲ್ಲೇನು? ಸ್ಲ್ಯಾಬ್ ಏನ್ರಿ ಅಂದ. ಹೂಂ ಅಂದೆ."

"ಹಿಂದಿನ ಖಾಸಿಂ ಅಲಿಯವರ ಗೋದಾಮು ತೋರ್ಸಿ ನಮ್ದೇ ಅನಲಿಲ್ಲಲ್ಲ?"

"ಅಂತಿದ್ದೆ. ಖಾಸಿಂ ಅಲಿ ಬಾಗಲದಾಗೇ ನಿಂತಿದ್ದ."

ಮಂಜಿರಿ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಕ್ತಾಗೆ ನಗಲೂ ಬರಲಿಲ್ಲ, ಅಳಲೂ ಬರಲಿಲ್ಲ. ಬೆಳಗಿನಿಂದ ನಿಂತ ಕಾಲು, ಹಂಚಿನ ಝಳಕ್ಕೆ ಕೆಂಪಾದ ಮುಖ, ಕೈಯಲ್ಲಿದ್ದ ಸೌಟನ್ನು ಗಡಿಗೆಯೊಳಗೆ ಎಸೆದು, "ಅತ್ತೀ, ಹದಿನಾಕು ವರ್ಷ ಇಲ್ಲಿ ಖಾನಾವಳಿನೇ ಇಲ್ಲ ಅಂದ್ರಿ. ಒಂದು ದಿನ ಅದ ಅಂದ್ರಿ ನೋಡ್ರಿ, ಎಪ್ಪತ್ತು ಮಂದೀದು ಮಾಡಿಬಿಟ್ರಿ!" ಎಂದಳು.

ಮರುದಿನ ಮುಕ್ತಾ ಇಮಾಮಬೀಗೆ ಒಲೆ ಒಪ್ಪಿಸಿ ಪಾಲಿಕೆಗೆ ಹೋದಳು. ಭಾಲಚಂದ್ರನಿಗೆ ಕಚೇರಿ ಮೆಟ್ಟಿಲೆಂದರೆ ಮೊದಲಿನಿಂದಲೂ ಕಾಲು ನೋವು. ಕಿಟಕಿಯಲ್ಲಿದ್ದ ನಾಹೀದ ಎಂಬ ಹುಡುಗಿ ನೋಟೀಸು ನೋಡಿ ಸಮಾಧಾನದಿಂದ ತಿಳಿಸಿ ಹೇಳಿದಳು.

"ನಾವು ನಾಕು ಮಾತು ನೋಡ್ತೀವಿ ಆಂಟೀ. ಜಾಗಾ ಯಾವ ರಸ್ತೇದು, ಮಾಳಗಿ ಎಂಥಾದ್ದು, ಕಟ್ಟಿ ಎಷ್ಟು ವರ್ಷ ಆತು, ಒಳಗ ಏನು ನಡೀತದ. ಮನಿ ಹಳೇದಾದಷ್ಟೂ ಕಿಮ್ಮತ್ತು ಇಳೀತದ, ತೆರಿಗೀನೂ ಇಳೀತದ. ವಾಸಕ್ಕ ಕಮ್ಮಿ, ದಂಧಾಕ್ಕ ಜಾಸ್ತಿ."

"ನಮ್ದು ಪಡಸಾಲಿ ಅಷ್ಟೇ ದಂಧಾದ್ದವ್ವ. ಉಳದದ್ದು ನಾವಿರೂದು."

"ಹಂಗಿದ್ರ ಬ್ಯಾರೆ ಬ್ಯಾರೆ ಅಳದು ಹಾಕ್ತಾರ. ತಿಂಗಳ ಒಳಗ ತಕರಾರು ಅರ್ಜಿ ಕೊಡ್ರಿ, ಸಾಹೇಬ್ರು ಮತ್ತೊಮ್ಮೆ ಬಂದು ನೋಡ್ತಾರ. ಆದ್ರ ಆಂಟೀ, ಯಾವುದು ದಂಧಾ, ಯಾವುದು ಮನಿ ಅಂತ ಬಾಯಿಬಿಟ್ಟು ಹೇಳಬೇಕು. ಹಿಂದ ಒಂದು ಹೇಳಿ ಈಗೊಂದು ಹೇಳಿದ್ರ ನಡಿಯಂಗಿಲ್ಲ."

ಮುಕ್ತಾ ಅಲ್ಲೇ ಕೂತು, ಮತ್ತೊಮ್ಮೆ ಬಂದು ನೋಡಬೇಕೆಂದಷ್ಟೇ ಅರ್ಜಿ ಬರೆದುಕೊಟ್ಟು ಬಂದಳು. ಮನೆಗೆ ಬಂದು ನೋಡಿದರೆ ತಗಡಿನ ಬೋರ್ಡು ಕೆಳಗಿಳಿದಿತ್ತು. ಭಾಲಚಂದ್ರ ಅದನ್ನು ಕಟ್ಟಿಗೆ ರಾಶಿಯ ಹಿಂದೆ ಮುಚ್ಚಿಡುತ್ತಿದ್ದ.

"ಇದೇನ್ ಮಾಡ್ಲತ್ತೀರಿ?"

"ಅವರು ಮತ್ತ ಬಂದು ನೋಡೋತನ ಬಂದ್. ಬಂದಾಗ ಖಾನಾವಳಿನೇ ಇಲ್ಲ, ಬೀಗರು ನೆಂಟರು ಬಂದು ಉಂತಾರ ಅನ್ನೋಣು. ಇಡೀ ಮನಿ ವಾಸದ್ದು ಅಂತ ಬರಸೋಣು. ಅವ್ವನ ಮಾತೂ ಉಳೀತದ, ಔರಾದ ಸಂಬಂಧಾನೂ ಉಳೀತದ."

"ಅಲ್ಲಿತನ ಏನ್ ತಿಂತೀರಿ? ಬೋರ್ಡು?"

"ಮುಕ್ತಾ, ಬಾಯಿ ಬಿಗಿ ಹಿಡಿ."

"ಬಾಯಿ ಬಿಗಿ ಹಿಡದ್ರ ಉಣ್ಣಾಕೂ ಬರಂಗಿಲ್ರಿ. ಬಂದ್ ಮಾಡಿದ ಖಾನಾವಳಿಗೆ ಗಿರಾಕಿ ತಿರುಗಿ ಬರ್ತಾರಂತ ತಿಳಕೊಂಡೀರೇನು? ಇನ್ನೊಂದು ಗಲ್ಲ್ಯಾಗ ಇನ್ನೊಬ್ಬಾಕಿ ಒಲಿ ಹಚ್ಚೇಬಿಟ್ಟಾಳ."

ಅವನು ಕೇಳಲಿಲ್ಲ. ಕಾವೇರಿಬಾಯಿಯೂ ಮಗನ ಕಡೆಗೇ ನಿಂತಳು. ಒಲೆ ಆರಿತು, ಇಮಾಮಬೀ ಮನೆಯಲ್ಲಿ ಕೂತಳು. ಮೊದಲ ವಾರ ದಿನಾ ಬರುತ್ತಿದ್ದವರು ಬಂದು ಬಾಗಿಲು ನೋಡಿ ಹೋದರು, ಆಟೋ ಓಡಿಸುವ ಮಚ್ಛೇಂದ್ರನಂತೂ ಹಾರ್ನು ಹೊಡೆದು, "ಆಯೀ, ಇವತ್ತರ ಅದೇನು?" ಎಂದು ಕೂಗಿ ಹೋಗುತ್ತಿದ್ದ. ಎರಡನೆಯ ವಾರ ಅವನೂ ಕೂಗುವುದು ಬಿಟ್ಟ. ಶೇಂಗಾದ ಹಿಂಡಿ ಮುಗಿಯಿತು, ಜುಣಕ ವಾರಕ್ಕೊಮ್ಮೆಯಾಯಿತು.

"ಇದೇನ ಬ್ಯಾಳಿನೋ? ಇದರಾಗ ನನ್ನ ಮಾರಿ ಕಾಣ್ಲತ್ತದ" ಎಂದಳು ಕಾವೇರಿಬಾಯಿ ಒಂದು ದಿನ.

"ಬೀಗರಿಗಿ ಹಾಕಿದ ಬ್ಯಾಳಿ ಗಟ್ಟಿ ಇತ್ತು ಅತ್ತೀ. ಬೀಗರಿಲ್ಲ, ಬ್ಯಾಳೀನೂ ಇಲ್ಲ."

"ಕೊಂಕು ಯಾಕ ಆಡ್ತೀ?"

"ಕೊಂಕಲ್ಲ, ಹಕೀಕತ್ ಹೇಳ್ಲತ್ತೀನಿ. ನಿಮ್ಮ ಮಗ ತಂದದ್ದು ಇಷ್ಟೇ ಬ್ಯಾಳಿ ಅದ."

ಭಾಲಚಂದ್ರ ತಾಟು ಬಿಟ್ಟು ಎದ್ದ. ಆಮೇಲೆ ಹಸಿವಾಗಿ ತಾನೇ ಬಂದು ಕೂತ. ಮಂಜಿರಿ ಕೆಮ್ಮಿದ್ದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ತಡೆಯಲಾರದೆ ಮುಕ್ತಾ ಒಂದು ಭಾನುವಾರ ಭಾಲ್ಕಿಗೆ ಹೋದಳು. ನಾದಿನಿ ಸುಮನಳ ಮನೆ ರೈಲು ನಿಲ್ದಾಣದ ಹತ್ತಿರ. ಸುಮನ ಚಹಾ ಕೊಟ್ಟು, ಕೊಡುವಾಗಲೇ ಕಣ್ಣು ತಪ್ಪಿಸಿದಳು.

"ಔರಾದದವರಿಗೆ ನಮ್ಮ ಮನಿ ಬಗ್ಗೆ ಏನ್ ಹೇಳೀದಿ ಸುಮನಾ?"

"ಇದ್ದದ್ದೇ ಹೇಳೀನಿ ವೈನೀ. ಮನಿ ದೊಡ್ಡದು, ಮಂದಿ ಭಾಳ, ದಿನಾ ದಾಸೋಹದಂಗ ಊಟ ನಡೀತದ ಅಂತ."

"ದಾಸೋಹ!" ಮುಕ್ತಾ ಕಪ್ಪು ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿದಳು. ಮಣಿಕಟ್ಟಿನ ತನಕ ಹಂಚಿನ ಕಲೆಗಳು. "ಇದು ದಾಸೋಹಕ್ಕ ಸುಟ್ಟದ್ದೇನು? ಮಂಜಿರಿ ಕಲತದ್ದು ದಾಸೋಹದಾಗೇನು? ನಿಮ್ಮಣ್ಣನ ಆಪರೇಷನ್ ಆದದ್ದು ದಾಸೋಹದಾಗೇನು?"

"ವೈನೀ, ನಿಮ್ಮ ಕಾಲ ಬೀಳ್ತೀನಿ, ಲಗ್ನ ನಖ್ಖಿ ಆಗೋತನ ಆ ಖಾನಾವಳಿ ಹೆಸರು ತೆಗೀಬ್ಯಾಡ್ರಿ. ದೊಡ್ಡ ಮನಿತನ ಅವರದು. ಅನ್ನ ಮಾರೂ ಮನೀ ಹುಡುಗಿ ಅಂದ್ರ..."

"ಅಂದ್ರ ಏನು?"

ಸುಮನ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಮುಕ್ತಾ ತಿರುಗಿ ಬಂದು ಇದನ್ನೆಲ್ಲ ಮಗಳಿಗೆ ಹೇಳಿದಳು. ಮಂಜಿರಿ ತಲೆ ಬಾಚುತ್ತಿದ್ದವಳು ಬಾಚಣಿಗೆ ನಿಲ್ಲಿಸಿ, "ಸುಳ್ಳು ಹೇಳಿ ಕೊಟ್ಟ ಮ್ಯಾಲ, ಅಲ್ಲಿ ಹೋಗಿ ಆ ಸುಳ್ಳು ನಾನ ಕಾಯಬೇಕಲ್ಲವ್ವಾ? ನಮ್ಮವ್ವ ಖಾನಾವಳಿ ಇಟ್ಟಾಳ ಅನ್ನಾಕ ಬರದ ಮನಿ ನನಗ ಬ್ಯಾಡ" ಎಂದಳು. ಪಡಸಾಲೆಯಲ್ಲಿದ್ದ ಕಾವೇರಿಬಾಯಿಗೆ ಅದು ಕೇಳಿಸಿತು. ಕೇಳಿಸಲೆಂದೇ ಮಂಜಿರಿ ದನಿ ಎತ್ತಿದ್ದಳು.

ಕಾವೇರಿಬಾಯಿ ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ಕೇಳಿದಳು: "ಆ ನೋಟೀಸಿನ್ಯಾಗ ನನ್ನ ಕೋಣೀನೂ ಬರದಾರೇನು?"

"ಬರದಾರ ಆಯಿ. 'ಉಗ್ರಾಣ, ವ್ಯಾಪಾರ' ಅಂತ."

"ದೇವರ ಜಗಲಿ ಇದ್ದ ಕೋಣಿಗಿ? ನಿಮ್ಮ ಮುತ್ಯಾ ಪ್ರಾಣ ಬಿಟ್ಟ ಕೋಣಿಗಿ?"

"ಬೀಗರ ಊಟಕ್ಕ ಇಲ್ಲೇ ಜ್ವಾಳದ ಚೀಲ ಒಟ್ತೀವಿ ಅಂತ ನೀನೇ ಹೇಳಿದ್ದೆಲ್ಲ?"

ಕಾವೇರಿಬಾಯಿ ಹೋಗಿ ದೇವರ ಮುಂದೆ ಕೂತಳು. ಅಂದು ಸಂಜೆಯೂ ತಾಟು ಖಾಲಿಯಾಗಿಯೇ ಬಾಗಿಲ ಬದಿಗಿತ್ತು. ಎತ್ತುವುದಕ್ಕೆ ಏನೂ ಇರಲಿಲ್ಲ.

ಮುಂದಿನ ವಾರ ಮಹಮ್ಮದ ಇಸ್ಮಾಯಿಲ ಮತ್ತೆ ಬಂದ. ಕೊರಳಲ್ಲಿ ಅದೇ ಕಾರ್ಡು, ಕೈಯಲ್ಲಿ ಅದೇ ಟೇಪು. ಕಾವೇರಿಬಾಯಿಯನ್ನು ನೋಡಿ, "ಅಮ್ಮಾ ಚಲೋ ಇದ್ದೀರಲ್ಲ? ಹೋದ ಸಲ ಚಹಾ ಭಾಳ ರುಚಿ ಇತ್ತು" ಎಂದ. ಕಾವೇರಿಬಾಯಿ ಗೋಡೆಯ ಕಡೆ ನೋಡಿದಳು.

ಭಾಲಚಂದ್ರ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ಇಸ್ಮಾಯಿಲ ಕತ್ತೆತ್ತಿ ಜಂತಿ ನೋಡಿದ. ಚಿಮಣಿ ದೀಪದ ಮಸಿ ನೋಡಿದ. ಕೆಂಪು ಕಲ್ಲಿನ ಗೋಡೆಗೆ ಕೈಯಾಡಿಸಿದ. "ಇದು ಹತ್ತು ವರ್ಷದ ಮನಿ ಅಲ್ಲ ಬಿಡ್ರಿ. ನಾನೂ ಹೋದ ಸಲ ಸರಿ ನೋಡ್ಲಿಲ್ಲ, ಅಮ್ಮಾ ಚಹಾ ಕುಡಿಸಿ ಕುಡಿಸಿ ಮಾತಿನ್ಯಾಗೇ ತಿರುಗ್ಯಾಡ್ಸಿದ್ರು" ಎಂದು ನಕ್ಕು, ಮೇಲಿನ ಕೋಣೆಗೂ ನಿಚ್ಚಣಿಕೆ ಹತ್ತಿ ಹೋಗಿ ಮುರುಕು ಪಲ್ಲಂಗ ನೋಡಿ ಇಳಿದ. ಕಾವೇರಿಬಾಯಿಯ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ದೇವರ ಜಗಲಿ ನೋಡಿ, ಒಳಗೆ ಕಾಲಿಡದೆ ಹಿಂದಕ್ಕೆ ಬಂದ.

"ಈಗ ಪಡಸಾಲಿ ಹೇಳ್ರಿ. ಏನು ನಡೀತದ ಇಲ್ಲಿ?"

"ಏನೂ ಇಲ್ರಿ ಸಾಹೇಬ್ರ" ಎಂದ ಭಾಲಚಂದ್ರ. "ಬೀಗರು, ನೆಂಟರು, ಊರವರು ಬರ್ತಾರ. ಉಂತಾರ, ಹೋಗ್ತಾರ. ಇಡೀ ಮನಿ ವಾಸದ್ದೇ."

"ಹೋದ ಸಲ ಎಪ್ಪತ್ತು ಮಂದಿ ಉಂತಾರ ಅಂದ್ರು ಅಮ್ಮಾ, ಹೊರಗ ಊಟದ ಬೋರ್ಡೂ ಇತ್ತು. ಈಗ ಬೀಗರು ಅಂತೀರಿ. ನಾ ಯಾವುದು ಬರಕೊಳ್ಳಲಿ?" ಇಸ್ಮಾಯಿಲನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇದೇ ಸುಳ್ಳಾದ್ರ ಮಾಳಗಿ, ಕೋಣಿ ಎಲ್ಲಾ ಖರೇ ಅಂತ ನಾ ಹ್ಯಾಂಗ ಮ್ಯಾಲಿನವರಿಗಿ ಹೇಳಲಿ? ಹಳೇದೇ ಕಾಯಂ ಮಾಡಿ ಹೋಗಬೇಕಾಗ್ತದ."

ಮುಕ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತುದಿಗೆ ಮಾತು ಬಂದಿತ್ತು. ಆದರೆ ಅವಳಿಗಿಂತ ಮೊದಲು ಕಾವೇರಿಬಾಯಿ ಗೋಡೆ ಹಿಡಿದು ಎದ್ದಳು.

"ಭಾಲ್ಯಾ, ನೀ ಸುಮ್ಮ ಕೂಡು. ತಮ್ಮಾ ಇಸ್ಮಾಯಿಲಾ, ಬರಕೋ. ಹೋದ ಸಲ ನಾ ಹೇಳಿದ್ದು ಎಲ್ಲಾ ಸುಳ್ಳು. ನಿನ್ನ ಬೀಗರ ಮನುಷ್ಯಾ ಅಂತ ತಿಳದಿದ್ದೆ."

"ನನ್ನ?" ಎಂದ ಇಸ್ಮಾಯಿಲ.

"ಹೂಂ. ಆ ಕಥಿ ಆಮ್ಯಾಲ ಹೇಳ್ತೀನಿ. ಈಗ ಖರೇ ಬರಕೋ. ಈ ಪಡಸಾಲ್ಯಾಗ ದಿನಾ ಮೂವತ್ತು, ಮೂವತ್ತೈದು ಮಂದಿ ಉಂತಾರ. ರೊಕ್ಕ ಕೊಟ್ಟು ಉಂತಾರ. ಒಬ್ಬರೂ ನಮ್ಮ ಬೀಗರಲ್ಲ." ಆಕೆ ಉಸಿರು ತೆಗೆದುಕೊಂಡಳು. "ಇದು ದಂಧಾ. ನನ್ನ ಸೊಸಿ ಮುಕ್ತಾನ ದಂಧಾ. ನನ್ನ ಮಗಂದಲ್ಲ, ಸೊಸೀದು ಅಂತ ಬರಿ."

"ಅವ್ವಾ, ಔರಾದದವರು..." ಎಂದ ಭಾಲಚಂದ್ರ.

"ಔರಾದದವರಿಗಿ ಬಾಗಲಾ ತಗದಿಟ್ಟದ. ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ನನ್ನ ದೇವರ ಕೋಣಿ ಅಂಗಡಿ ಅನಿಸ್ಕೊಂಡು ನಾ ಇರಾಕಿಲ್ಲ."

ಇಸ್ಮಾಯಿಲ ಪಡಸಾಲೆ ಅಳೆದ. ಆಮೇಲೆ ಅಡುಗೆಮನೆಗೆ ಬಂದು ತಲೆ ಕೆರೆದುಕೊಂಡ. "ಇದೇ ತ್ರಾಸ ನೋಡ್ರಿ. ಒಲಿ ಒಂದೇ, ಮನಿಯವರದೂ ಇಲ್ಲೇ, ಗಿರಾಕೀದೂ ಇಲ್ಲೇ. ಮನೀದು ಅಂತ ಬರೀಲೋ, ದಂಧಾ ಅಂತೋ?"

"ಮನೀದು ಬರೀರಿ, ಮನೀದು" ಎಂದು ಭಾಲಚಂದ್ರ ಅಂಗಲಾಚಿದ.

"ದಂಧಾ ಅಂತ ಬರೀರಿ" ಎಂದಳು ಮುಕ್ತಾ. "ಹದಿನಾಕು ವರ್ಷದಿಂದ ಇಲ್ಲಿ ಮನಿಯವರಿಗಂತ ನಾ ಬ್ಯಾರೆ ಒಲಿ ಹಚ್ಚಿಲ್ರಿ. ಗಿರಾಕಿ ಉಂಡು ಉಳದದ್ದೇ ನಮ್ಮವರ ಊಟ. ಬೇಕಾದ್ರ ಅವರನ್ನೇ ಕೇಳ್ರಿ."

ಇಸ್ಮಾಯಿಲ ಭಾಲಚಂದ್ರನ ಮುಖ ನೋಡಿದ. ಭಾಲಚಂದ್ರ ಹೊಸ ಅಂಗಿಯ ಗುಂಡಿ ನೋಡಿಕೊಂಡ. ಇಸ್ಮಾಯಿಲ ಬರೆದುಕೊಂಡ.

ಅವನು ಗಲ್ಲಿ ದಾಟುವ ಮೊದಲೇ ಮುಕ್ತಾ ಕಟ್ಟಿಗೆ ರಾಶಿಯ ಹಿಂದಿನಿಂದ ಬೋರ್ಡು ಎಳೆದು ತಂದಳು. ಮಂಜಿರಿ ಓಡಿ ಹೋಗಿ ಇಮಾಮಬೀಯನ್ನು ಕರೆತಂದಳು. ಮರುದಿನ ಗಿರಾಕಿಗಳು ಹತ್ತು ಮಂದಿಯಷ್ಟೇ ಬಂದರು. ಮುಕ್ತಾ ಹೇಳಿದ್ದಂತೆ ಉಳಿದವರಿಗೆ ಆಗಲೇ ಇನ್ನೊಂದು ಗಲ್ಲಿಯ ಬೇಳೆ ರೂಢಿಯಾಗಿತ್ತು. ಅವಳು ಬಯ್ಯುತ್ತಲೇ ಬಡಿಸಿದಳು.

ಊಟದ ನಡುವೆ ಸುಮನಳ ಫೋನು ಬಂತು. ಕಾವೇರಿಬಾಯಿಯೇ ಎತ್ತಿ, ಅವಳು ಬಾಯಿ ತೆರೆಯುವ ಮೊದಲೇ, "ಔರಾದಕ್ಕ ಹೇಳಿಬಿಡವ್ವಾ. ನಮ್ಮ ಸೊಸಿ ಖಾನಾವಳಿ ನಡಸ್ತಾಳ. ನಾವು ಅನ್ನ ಮಾರ್ತೀವಿ" ಎಂದು ಒದರಿದಳು.

"ಅವ್ವಾ, ಅವರಿಗಿ ಮೊದಲೇ ಗೊತ್ತದ" ಎಂದಳು ಸುಮನ. ದೊಡ್ಡ ದನಿ, ಎಲ್ಲರಿಗೂ ಕೇಳಿಸಿತು. "ಅವರ ಮನುಷ್ಯಾ ತಿಂಗಳ ಹಿಂದೇ ಬಂದು ಹೋಗ್ಯಾನಂತ. ಪಡಸಾಲ್ಯಾಗ ಕೂತು ಉಂಡಾನಂತ. ಖಾನಾವಳಿ ಇರೂ ಮನಿ ನೋಡಾಕ ಬ್ಯಾರೆ ಸೋಗು ಯಾಕ ಬೇಕು?"

ಕಾವೇರಿಬಾಯಿ ಅಲ್ಲೇ ಕೆಳಗೆ ಕೂತಳು. "ಏನಂದನಂತ?"

"ಬ್ಯಾಳಿ ಚಲೋ ಅದ, ಮಂದಿ ಭಾಳ ಜಗಳಾಡ್ತಾರ ಅಂದಾನಂತ. ಬರೂದು ಬಿಡೂದು ಇನ್ನೂ ಮಾತಾಡ್ಲತ್ತಾರ."

"ಮಾತಾಡ್ಲಿ, ಮಾತಾಡ್ಲಿ" ಎಂದು ಕಾವೇರಿಬಾಯಿ ಫೋನು ಇಟ್ಟಳು. ಭಾಲಚಂದ್ರ ಒಳಗೆ ಎಲ್ಲೋ, "ಜಗಳ ಯಾರು ಆಡ್ತಾರ ಇಲ್ಲಿ?" ಎಂದು ಜಗಳಕ್ಕೇ ಬಂದಂತೆ ಕೂಗಿದ.

ಅಷ್ಟರಲ್ಲಿ ಉಂಡು ಕೈತೊಳೆದ ಮಚ್ಛೇಂದ್ರ ನೋಟು ಹಿಡಿದು ಬಾಗಿಲ ಬದಿಗೆ ಬಗ್ಗಿ, ಆ ಕಡೆ ಈ ಕಡೆ ಹುಡುಕಿದ. ತಾಟು ಅಲ್ಲಿರಲಿಲ್ಲ. ಇಮಾಮಬೀಯ ಮುಂದೆ ಇತ್ತು, ಅದರ ತುಂಬ ಬಿಸಿ ರೊಟ್ಟಿ.

"ಆಯೀ, ತಾಟು ಎಲ್ಲಿ ಹೋತು? ರೊಕ್ಕ ಎಲ್ಲಿ ಇಡ್ಲಿ?"

ಕಾವೇರಿಬಾಯಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ತಾಟು ಯಾಕ ಹುಡುಕ್ತೀಯೋ ಮೂಳಾ? ಅಕಿ ಅಲ್ಲಿ ನಿಂತಿದ್ದು ಕಣ್ಣಿಗಿ ಕಾಣೂದಿಲ್ಲೇನು? ಅಕಿ ಕೈಯಾಗ ಕೊಡು!"

ಮುಕ್ತಾ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.